ಕೇಳಿದ್ದಷ್ಟೇ

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಗುರುತು ಪರಿಚಯವಿಲ್ಲದ ಗಂಡಸರ ಮುಂದೆ ನಿಂತು ‘ಅಫೀಮು ಸಿಗತೈತೇನ್ರಿ?’ ಎಂದು ಕೇಳಿದವಳೂ ನಾನೇ. ಈ ಎರಡು ಮಾತನ್ನು ಅಕ್ಕಪಕ್ಕ ಇಟ್ಟು ಹೇಳಿದರೆ ಜನ ನಗುತ್ತಾರೆ, ಇಲ್ಲವೇ ಎದ್ದು ಹೋಗುತ್ತಾರೆ. ನಗುವವರ ಮೇಲೆ ನನಗೆ ಸಿಟ್ಟಿಲ್ಲ, ಎದ್ದು ಹೋಗುವವರ ಮೇಲಿದೆ. ನಾನು ಕೊಳ್ಳಲಿಲ್ಲ, ಮುಟ್ಟಲಿಲ್ಲ. ಅದರ ಬಣ್ಣ ಕಪ್ಪೋ ಕೆಂಪೋ ಎಂಬುದೂ ಇವತ್ತಿಗೂ ನನಗೆ ಗೊತ್ತಿಲ್ಲ. ಕೇಳಿದ್ದಷ್ಟೇ. ಅದಕ್ಕೆ ಒಂದು ಮಧ್ಯಾಹ್ನವಿಡೀ ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕೂತು ಬಂದಿದ್ದೇನೆ.

ನನ್ನ ಗಂಡ ಗಿಣಿಗೇರಾ ಕಡೆಯ ಒಂದು ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಬಾಯಿಗೆ ನಿಂತು ಕೆಲಸ ಮಾಡುತ್ತಿದ್ದರು. ಪಾಳಿಯ ಕೆಲಸ. ಕುಲುಮೆಯ ಮುಂದೆ ತೂಕಡಿಸಿದವನು ಮನೆಗೆ ಬರುವುದಿಲ್ಲ ಎಂದು ನಿದ್ದೆ ತಡೆಯಲು ಕೆಳತುಟಿಯ ಒಳಗೆ ಗುಟ್ಕಾ ಒತ್ತಿಕೊಳ್ಳುತ್ತಿದ್ದರು. ‘ಬಡವನ ಸಿಟ್ಟು ದವಡೆಗೆ ಮೂಲ’ ಎಂಬ ಗಾದೆಯನ್ನು ಪ್ರತಿ ವರ್ಷ ಮಕ್ಕಳಿಂದ ವಿಸ್ತರಿಸಿ ಬರೆಸುವವಳು ನಾನು. ನಮ್ಮ ಮನೆಯಲ್ಲಿ ಅದು ತಲೆಕೆಳಗಾಯಿತು. ಸಿಟ್ಟೆಲ್ಲ ನನ್ನದು, ದವಡೆ ಹೋದದ್ದು ಅವರದು. ಜನ್ಮದಲ್ಲಿ ಒಬ್ಬರಿಗೂ ‘ಲೇ’ ಅಂದವರಲ್ಲ ಅವರು.

ನನ್ನನ್ನೂ ಹೆಸರು ಹಿಡಿದು ಕರೆದವರಲ್ಲ. ನಮ್ಮ ಕಡೆ ಗಂಡ ಹೆಂಡತಿಯ ಹೆಸರು ಕೂಗುವುದಿಲ್ಲ, ಹೆಂಡತಿ ಗಂಡನದನ್ನು ಕೇಳಲೇಬೇಡಿ. ನನಗೆ ‘ರೀ’ ಸಾಕಾಗಿತ್ತು. ಅವರಿಗೆ ‘ಕೇಳಿಲ್ಲಿ.’ ಪಾಳಿ ಮುಗಿಸಿ ಬಂದು ಹೊಸ್ತಿಲಲ್ಲಿ ಬೂಟಿನ ದಾರ ಬಿಚ್ಚುವಾಗಲೇ ‘ಕೇಳಿಲ್ಲಿ’ ಎನ್ನುತ್ತಿದ್ದರು. ಹೇಳುವುದಕ್ಕೆ ಏನೂ ಇರುತ್ತಿರಲಿಲ್ಲ. ನಾನು ಒಳಗಿದ್ದೇನೋ ಇಲ್ಲವೋ ಎಂದು ತಿಳಿದರೆ ಮುಗಿಯಿತು. ಸಿದ್ದಾಪುರದಲ್ಲಿರುವ ಅವರ ಅಕ್ಕ ಬಂದಾಗಲೆಲ್ಲ ‘ರೇಷನ್ ಕಾರ್ಡಿನಾಗೂ ಇಕಿ ಹೆಸರು ಕೇಳಿಲ್ಲಿ ಅಂತ ಬರಸೀಯೇನಪ?’ ಎಂದು ಕಾಡುತ್ತಿದ್ದರು.

ಕ್ಯಾನ್ಸರ್ ಎಂದು ಕೆಳದವಡೆಯ ಅರ್ಧ ತೆಗೆದ ಮೇಲೆ ಅವರ ತುಟಿಗೆ ತುಟಿ ಸೇರಲಿಲ್ಲ. ಮೊದಲು ಹೋದವು ಪ, ಬ, ಮ. ತುಟಿ ಕೂಡದೆ ಈ ಅಕ್ಷರಗಳು ಹುಟ್ಟುವುದಿಲ್ಲ ಎಂದು ಎಂಟನೆಯ ತರಗತಿಗೆ ಕಲಿಸುತ್ತ ಬಂದವಳಿಗೆ ಅದು ಏನೆಂದು ಮನೆಯಲ್ಲಿ ತಿಳಿಯಿತು. ‘ಮನಿ’ ಹೋಗಿ ‘ಅನಿ’ ಆಯಿತು. ‘ಬೇಕು’ ಹೋಗಿ ‘ಏಕು’ ಆಯಿತು. ಮೊದಮೊದಲು ಅವರೇ ಕಣ್ಣಲ್ಲಿ ನಗುತ್ತಿದ್ದರು. ನೋಡಲು ಬಂದವರಿಗೆ ನಾನು ಅವರ ಮಾತನ್ನು ಬಿಡಿಸಿ ಹೇಳುತ್ತಿದ್ದೆ. ಅರ್ಥವಾಗದ ಕಡೆ ನನ್ನದೇ ಒಂದು ಮಾತು ಸೇರಿಸುತ್ತಿದ್ದೆ. ಆಮೇಲೆ ನಾಲಿಗೆಯೂ ದಪ್ಪಗಾಯಿತು. ಗಂಟಲಿನಿಂದ ಬರುವ ಅಕ್ಷರ ಬಿಟ್ಟರೆ ಉಳಿದವು ಒಂದೊಂದಾಗಿ ಕೈಬಿಟ್ಟವು. ಕೊನೆಗೆ ಮಾತೇ ಬೇಡವೆಂದು ಸ್ಟೀಲ್ ಲೋಟಕ್ಕೆ ಚಮಚ ಬಡಿದು ನನ್ನನ್ನು ಕರೆಯತೊಡಗಿದರು. ‘ಕೇಳಿಲ್ಲಿ’ ನಿಂತುಹೋಗಿ ಎಷ್ಟೋ ತಿಂಗಳಾಗಿತ್ತು, ನಾನೂ ಮರೆತಿದ್ದೆ.

ದೂರದ ಊರಿನ ಆಸ್ಪತ್ರೆಯವರು ಇನ್ನು ಮಾಡುವಂಥದ್ದು ಏನೂ ಉಳಿದಿಲ್ಲ ಎಂದು ಮನೆಗೆ ಕಳಿಸಿದರು. ಕಳಿಸುವಾಗ ಒಂದು ಪುಣ್ಯದ ಕೆಲಸ ಮಾಡಿದರು. ಮಾರ್ಫಿನ್ ಎಂಬ ಚಿಕ್ಕ ಬಿಳಿ ಗುಳಿಗೆ ಕೊಟ್ಟರು. ‘ಇದು ಅಫೀಮಿನಿಂದನ ಮಾಡೂದ್ರಿ, ಜ್ವಾಕಿಲೆ ಕೊಡ್ರಿ’ ಎಂದು ಅಲ್ಲಿನ ಡಾಕ್ಟರು ಹೇಳಿದ್ದರು. ಅರೆದು, ಗಂಜಿ ಹಾಕಲೆಂದು ಮೂಗಿಗೆ ಇಟ್ಟಿದ್ದ ನಳಿಕೆಯಲ್ಲಿ ಬಿಟ್ಟರೆ ಸ್ವಲ್ಪ ಹೊತ್ತಿಗೆ ಅವರ ಹುಬ್ಬಿನ ಗಂಟು ಬಿಚ್ಚಿಕೊಳ್ಳುತ್ತಿತ್ತು. ಕಿಟಕಿಯ ಹೊರಗೆ ಯಾರು ಹೋದರು, ಯಾರು ಬಂದರು ಎಂದು ನೋಡುತ್ತಿದ್ದರು. ಒಮ್ಮೆ ಎದುರುಮನೆಯ ಆಡು ನಮ್ಮ ತುಳಸಿ ತಿನ್ನುವುದನ್ನು ನೋಡಿ ಲೋಟ ಬಡಿದು ನನ್ನನ್ನು ಎಬ್ಬಿಸಿದ್ದರು. ಗಂಡ ಬದುಕಿದ್ದಾನೆ ಅನ್ನಿಸಲು ಅಷ್ಟು ಸಾಕಿತ್ತು.

ಗುಳಿಗೆ ಮುಗಿಯಿತು. ಫೋನ್ ಮಾಡಿದರೆ ಆಸ್ಪತ್ರೆಯವರು ‘ಸ್ಟಾಕ್ ಬಂದಿಲ್ರಿ, ಮುಂದಿನ ವಾರ ಕೇಳ್ರಿ’ ಎಂದರು. ಮುಂದಿನ ವಾರವೂ ಅದೇ ಮಾತು. ಕೊಪ್ಪಳದ ಔಷಧಿ ಅಂಗಡಿಯವನೊಬ್ಬ ‘ಮೇಡಂ, ಆ ಹೆಸರು ಸಾವಕಾಶ ಹೇಳ್ರಿ, ಮಂದಿ ಅದಾರ’ ಎಂದು ಆಚೀಚೆ ನೋಡಿದ. ಗಂಗಾವತಿಯ ದೊಡ್ಡ ಅಂಗಡಿಗಳಲ್ಲಿ ಇದ್ದೀತು ಎಂದು ಅಲ್ಲಿಗೂ ಹೋದೆ. ‘ಅದಕ್ಕ ಬ್ಯಾರೆ ಲೈಸೆನ್ಸ್ ಬೇಕ್ರಿ, ನಾವು ಇಡಾಂಗಿಲ್ಲ’ ಎಂದರು. ಊರಿನ ಡಾಕ್ಟರು ಬೇರೆ ಯಾವುದೋ ಗುಳಿಗೆ ಬರೆದುಕೊಟ್ಟರು. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಎಲ್ಲರೂ ಸಭ್ಯವಾಗಿಯೇ ಇಲ್ಲವೆಂದರು. ಯಾರ ಮೇಲೂ ಕೂಗಾಡಲು ಆಸ್ಪದವಿಲ್ಲದ ಹಾಗೆ ಇಲ್ಲವೆಂದರು.

ಆಮೇಲೆ ಶುರುವಾದ ಸದ್ದನ್ನು ಹೇಗೆ ಹೇಳಲಿ? ಅದು ಅಳುವಲ್ಲ, ಕೂಗೂ ಅಲ್ಲ. ಬಾಯಿ ಮುಚ್ಚಲಾಗದ ಮನುಷ್ಯ ಹಲ್ಲು ಕಚ್ಚಿಯಾದರೂ ತಡೆದುಕೊಳ್ಳೋಣವೆಂದರೆ ಕಚ್ಚಲು ದವಡೆ ಇಲ್ಲ. ಬೆಳಗ್ಗೆ ನಾನು ಶಾಲೆಗೆ ಹೊರಟಾಗಲೂ ಅದೇ, ಸಂಜೆ ಯಲಬುರ್ಗಾ ಕಡೆಯ ಬಸ್ಸಿಳಿದು ಓಣಿಯ ತಿರುವಿಗೆ ಬಂದಾಗಲೂ ಅದೇ. ಪಕ್ಕದ ಮನೆಯವರು ಟಿವಿಯ ಸದ್ದು ಏರಿಸಿದರು. ನಾನಾಗಿದ್ದರೂ ಏರಿಸುತ್ತಿದ್ದೆನೇನೋ. ನಾನು ರಜೆ ಹಾಕಿ ಮನೆಯಲ್ಲಿ ಕೂತೆ. ಕೂತರೆ ಇನ್ನೂ ಕಷ್ಟ. ದೇವರೇ ಇವರನ್ನು ಕರೆದುಕೋ ಎಂದು ಬೇಡಿಕೊಂಡೆ, ಮರುಗಳಿಗೆಯೇ ಬೇಡ ಬೇಡ ಎಂದು ಕೆನ್ನೆ ಬಡಿದುಕೊಂಡೆ.

ಆಗ ಅವರ ಅಕ್ಕ ಸಿದ್ದಾಪುರದಿಂದ ಬಂದು ನಮ್ಮಲ್ಲೇ ಉಳಿದಿದ್ದರು. ಒಂದು ಬೆಳಗ್ಗೆ ತಮ್ಮನ ಕಾಲು ಒತ್ತುತ್ತ ಹಳೆಯ ಮಾತು ತೆಗೆದರು. ‘ನಮ್ಮಜ್ಜಿ ಹತ್ತಿ ಬಿಡಸಾಕ ಹೋಗಬೇಕಾದ್ರ ಕೂಸಿನ ನಾಲಿಗಿಗಿ ಸಾಸಿವಿ ಕಾಳಷ್ಟ ಅಫೀಮು ಹಚ್ಚಿ ಮಲಗಸ್ತಿದ್ಲಂತ. ನಿಜಾಮನ ಕಾಲದಾಗ ಅದಕ್ಕ ಅಂಗಡಿನ ಇತ್ತಂತ. ಹಲ್ಲುನೋವಿಗೂ ಅದ, ಹೊಟ್ಟಿನೋವಿಗೂ ಅದ. ಈಗ ಒಂದೀಟ ಸಿಕ್ಕಿದ್ರ ಇವನ ಜೀವಕ್ಕ ಹಗುರ ಆಗತಿತ್ತು ನೋಡು.’

ಡಾಕ್ಟರ ಮಾತು ನನಗೆ ನೆನಪಾಯಿತು. ಗುಳಿಗೆ ಅಫೀಮಿನ ಮೊಮ್ಮಗ. ಮೊಮ್ಮಗ ಸಿಗದಿದ್ದರೆ ಅಜ್ಜನನ್ನೇ ಹಿಡಿದರಾಯಿತು. ‘ಆದ್ರ ಎಲ್ಲಿ ಸಿಗತೈತಿ? ಯಾರ್ನ ಕೇಳೂದು?’ ಎಂದೆ.

ಗೋಡೆಯ ಕಡೆ ಮುಖ ಮಾಡಿ ನರಳುತ್ತಿದ್ದವರು ನಮ್ಮ ಮಾತಿಗೆ ತಿರುಗಿದರು. ನನ್ನನ್ನೇ ನೋಡುತ್ತ, ಗಂಟಲಿನಿಂದ ಎಳೆದು ತಂದು ಒಂದು ಮಾತು ಅಂದರು. ‘ಕೇ’ ಚೆನ್ನಾಗಿಯೇ ಬಂತು. ಅದರ ಹಿಂದೆ ‘ಳ’ದಂಥದ್ದು ಒಂದು.

‘ಕೇಳಲೇನ್ರಿ?’ ಎಂದೆ. ‘ಯಾರನ್ನರ ಕೇಳಿ ತರಲೇನು?’

‘ಕೇ...ಳ’ ಎಂದರು ಮತ್ತೆ.

‘ನೋಡು, ಅವನ ಹೇಳಾಕತ್ತಾನ’ ಎಂದರು ಅಕ್ಕ, ಕಣ್ಣೊರೆಸಿಕೊಳ್ಳುತ್ತ. ‘ಪಾಪ, ತಡಕೊಳ್ಳಾಕ ಆಗವಲ್ದು. ಕೇಳು ಅಂತಾನ, ಹೋಗಿ ಕೇಳು.’

ಮದುವೆಯಾದಾಗಿನಿಂದ ಏನೊಂದನ್ನೂ ಬಾಯಿಬಿಟ್ಟು ಬೇಡದ ಮನುಷ್ಯ ಬೇಡುತ್ತಿದ್ದಾರೆ ಎಂದುಕೊಂಡೆ. ಕಾನೂನು, ನೌಕರಿ, ಮಾನ ಯಾವುದೂ ಆಗ ನನ್ನ ಕಣ್ಣಿಗೆ ಕಾಣಲಿಲ್ಲ. ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ. ನಾನು ಹುಲ್ಲುಕಡ್ಡಿ ಹುಡುಕಲು ಹೊರಟೆ.

ಮೊದಲು ಹುಲಿಗಿಗೆ ಹೋದೆ. ಹೊಳೆಯ ದಂಡೆಯಲ್ಲಿ, ಗುಡಿಯ ಗದ್ದಲದಿಂದ ಸ್ವಲ್ಪ ದೂರದಲ್ಲಿ ಜಡೆ ಬಿಟ್ಟ ಸಾಧುಗಳು ಕೂತಿರುತ್ತಾರೆ, ಅವರ ಹತ್ತಿರ ಏನೇನೋ ಇರುತ್ತದೆ ಎಂದು ಊರೇ ಹೇಳುತ್ತದೆ. ಹುಲಿಗೆಮ್ಮನಿಗೆ ಕಾಯಿ ಒಡೆಸಿ ದಂಡೆಗೆ ಇಳಿದೆ. ಹೇಗೆ ಕೇಳಬೇಕೆಂದೇ ತಿಳಿಯಲಿಲ್ಲ. ಇಷ್ಟು ವರ್ಷ ಕನ್ನಡ ಕಲಿಸಿದವಳ ಬಾಯಲ್ಲಿ ಒಂದು ವಾಕ್ಯ ಕಟ್ಟಲಾಗಲಿಲ್ಲ. ‘ಅಜ್ಜಾರ, ನಿಮ್ಮ ಕಡಿ ನೋವು ಮರೆಸೂವಂಥಾದ್ದು ಏನರ ಇರತೈತೇನ್ರಿ?’ ಎಂದೆ. ಹಣೆತುಂಬ ಅರಿಶಿನದ ಭಂಡಾರ ಬಳಿದುಕೊಂಡ ಮುದುಕರು ನನ್ನ ಕನ್ನಡಕ, ವ್ಯಾನಿಟಿ ಬ್ಯಾಗು, ಇಸ್ತ್ರಿ ಮಾಡಿದ ಸೀರೆ ನೋಡಿ ‘ಅವ್ವಾ, ನೀ ಪೊಲೀಸರ ಪೈಕಿ ಏನು?’ ಎಂದರು. ಅಲ್ಲವೆಂದು ಆಣೆ ಇಟ್ಟೆ. ನಂಬಲಿಲ್ಲ. ಒಂದು ಚಿಟಿಕೆ ಭಂಡಾರ ಕೊಟ್ಟು ‘ನೋವು ಇದ್ದಲ್ಲಿ ಹಚ್ಚು’ ಎಂದರು. ಎಲ್ಲಿ ಹಚ್ಚಲಿ, ಅಲ್ಲಿ ತೂತು ಬಿದ್ದಿತ್ತು. ಆದರೂ ಸೆರಗಿನಲ್ಲಿ ಕಟ್ಟಿಕೊಂಡು ಬಂದೆ.

ಗಿಣಿಗೇರಾದ ಒಂದು ಪಾನ್ ಅಂಗಡಿಯಲ್ಲಿಯೂ ಕೇಳಿದೆ. ಇವರ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರು ಆ ಅಂಗಡಿ ತೋರಿಸಿದ್ದರು. ಅಂಗಡಿಯವನು ಎರಡೂ ಕೈ ಎತ್ತಿ ‘ಇಲ್ರಿ ಯಕ್ಕಾ, ನಾವು ಮಕ್ಳು ಮರಿ ಇರೋರು, ಅಂಥಾದ್ದೆಲ್ಲ ಮಾರಂಗಿಲ್ಲ’ ಎಂದ. ಅವನ ತಲೆಯ ಮೇಲೆ ಬಾಗಿಲಿಗೆ ತೋರಣ ಕಟ್ಟಿದಂತೆ ಗುಟ್ಕಾ ಪ್ಯಾಕೆಟ್‌ಗಳ ಸರ ತೂಗುತ್ತಿತ್ತು. ನನ್ನ ಗಂಡನ ದವಡೆ ತಿಂದ ಸರ. ಅದನ್ನು ಯಾವ ಕೂಸು ಕೇಳಿದರೂ ಹರಿದು ಕೊಡುತ್ತಾನೆ. ನನ್ನ ಸಿಟ್ಟು ನೆತ್ತಿಗೇರಿ ಆ ಸರಕ್ಕೆ ಕೈ ಹಾಕಿ ಜಗ್ಗಿದೆ. ಅರ್ಧ ಸರ ಕೈಗೆ ಬಂತು. ಅಂಗಡಿಯವನು ಹೆದರಿ ಹಿಂದೆ ಸರಿದ. ಬಸ್‌ಸ್ಟ್ಯಾಂಡಿನವರೆಗೂ ಆ ಹರಿದ ಸರ ಹಿಡಿದುಕೊಂಡೇ ಹುಚ್ಚಿಯ ಹಾಗೆ ನಡೆದಿದ್ದೆ.

ಪ್ರತಿ ಸಲ ನಾನು ಹೊರಡುವಾಗಲೂ ಅವರು ಹಾಸಿಗೆಯಿಂದ ‘ಕೇ...ಳ’ ಎನ್ನುತ್ತಿದ್ದರು. ನಾನು ಚಪ್ಪಲಿ ಮೆಟ್ಟುತ್ತಲೇ ‘ಹ್ಞೂಂ ರೀ, ಕೇಳಾಕನ ಹೊಂಟೀನಿ, ಒಂಚೂರು ತಡೀರಿ’ ಎಂದು ಕೂಗಿ ಹೇಳುತ್ತಿದ್ದೆ. ಬರಿಗೈಯಲ್ಲಿ ಬಂದಾಗ ಅವರ ಮುಖ ನೋಡಲಾಗದೆ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುತ್ತ ಕೂರುತ್ತಿದ್ದೆ. ತಿಕ್ಕಿದ ಪಾತ್ರೆಯನ್ನೇ ತಿಕ್ಕುತ್ತಿದ್ದೆ. ಒಳಗಿಂದ ‘ಕೇಳ’ ಬರುತ್ತಿತ್ತು. ಇನ್ನೂ ಯಾರನ್ನು ಕೇಳಲಿ ಎಂದು ನನಗೆ ತಲೆ ಚಚ್ಚಿಕೊಳ್ಳುವ ಹಾಗಾಗುತ್ತಿತ್ತು.

ಆಗ ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರು ಫೋನಿನಲ್ಲಿ ಪಿಸುಗುಟ್ಟಿದರು. ಕುಷ್ಟಗಿ ಹತ್ತಿರದ ಹೆದ್ದಾರಿ ಢಾಬಾಗಳಲ್ಲಿ ಗ್ರಾನೈಟ್ ಹೇರುವ ದೂರದ ರಾಜ್ಯದ ಲಾರಿಗಳು ನಿಲ್ಲುತ್ತವೆ, ಆ ಡ್ರೈವರ್‌ಗಳ ಕಡೆ ಅಫೀಮು ಇರುತ್ತದಂತೆ, ಚಹಾದಲ್ಲಿ ಹಾಕಿಕೊಂಡು ಕುಡಿಯುತ್ತಾರಂತೆ. ಅಂತೆ, ಅಂತೆ. ಅಂತೆ ಕಂತೆ ಹೇಳಿದ ಮಕ್ಕಳನ್ನು ನಾನು ಬೆಂಚಿನ ಮೇಲೆ ನಿಲ್ಲಿಸುತ್ತೇನೆ. ಆವತ್ತು ಆ ಅಂತೆಯನ್ನೇ ನಂಬಿ ಕುಷ್ಟಗಿ ಬಸ್ಸು ಹತ್ತಿದೆ.

ಢಾಬಾದ ತಗಡಿನ ಕೆಳಗೆ ಬಿಸಿಲು ಕುದಿಯುತ್ತಿತ್ತು. ನುಲಿ ಹಾಕಿದ ಮಂಚಗಳ ಮೇಲೆ ಡ್ರೈವರ್‌ಗಳು ಮಲಗಿದ್ದರು. ಹೆಂಗಸು ಎಂದರೆ ನಾನೊಬ್ಬಳೇ. ಕೆಂಪು ರುಮಾಲಿನ ಒಬ್ಬ ಹಿರಿಯ ಎದ್ದು ಕೂತು ಚಹಾ ಕುಡಿಯುತ್ತಿದ್ದ. ಮುಖದಲ್ಲಿ ಕರುಣೆ ಇರುವವನ ಹಾಗೆ ಕಂಡ. ಹತ್ತಿರ ಹೋಗಿ ನನ್ನ ಶಾಲೆಯ ಹಿಂದಿಯಲ್ಲಿ ‘ಭೈಯ್ಯಾ, ಅಫೀಮ್ ಮಿಲೇಗಾ ಕ್ಯಾ?’ ಎಂದೆ. ಅವನು ಚಹಾದ ಲೋಟ ಇಟ್ಟು ಎರಡೂ ಕೈ ಮುಗಿದ. ‘ನಹೀ ಬೆಹೆನ್‌ಜೀ, ನಹೀ’ ಎನ್ನುತ್ತ ನನ್ನ ಹೆಗಲ ಮೇಲಿಂದ ಹಿಂದಕ್ಕೆ ನೋಡಿದ. ಹಿಂದಿನ ಮಂಚದಿಂದ ಚೌಕಳಿ ಅಂಗಿಯವನೊಬ್ಬ ಎದ್ದು ಬಂದಿದ್ದ.

‘ಏನ್ ಕೇಳಿದ್ರಿ ಮೇಡಂ?’

‘ನಿಮಗ್ಯಾಕ್ರಿ ಅದು?’ ಎಂದೆ.

‘ನಾ ಪೊಲೀಸ್’ ಎಂದ ಆತ.

ಡ್ರೈವರನ ಗಾಡಿಯಲ್ಲೆಲ್ಲ ಹುಡುಕಿದರು, ಏನೂ ಸಿಗಲಿಲ್ಲ. ಅವನನ್ನು ಬಿಟ್ಟರು. ನನ್ನನ್ನು ಜೀಪಿನಲ್ಲಿ ಹತ್ತಿರದ ಠಾಣೆಗೆ ಕರೆದೊಯ್ದರು. ಫೋನು ತೆಗೆದುಕೊಂಡು ಸಾಹೇಬರ ಟೇಬಲ್ಲಿನ ಮೇಲಿಟ್ಟರು. ಕೂಡಿಸಿದ್ದು ಮರ್ಯಾದೆಯಿಂದಲೇ, ಕುಡಿಯಲು ನೀರೂ ಕೊಟ್ಟರು. ಶಾಲೆಯ ಮಕ್ಕಳ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಅದಕ್ಕಿಂತ ಹೆಚ್ಚಾಗಿ, ಮನೆಯಲ್ಲಿ ಗಂಡ ನನ್ನ ದಾರಿ ಕಾಯುತ್ತಿದ್ದಾರೆ ಎಂದು ಮತ್ತೆ ಮತ್ತೆ ಬಾಗಿಲ ಕಡೆ ನೋಡುತ್ತಿದ್ದೆ.

ಸಾಹೇಬರು ವಯಸ್ಸಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯಾಗಿರಬಹುದಾದವರು. ‘ಏನ್ ಕೆಲಸ ಮಾಡ್ತೀರಿ?’ ಎಂದರು. ಹೈಸ್ಕೂಲ್ ಟೀಚರ್ ಎಂದೆ. ‘ಏನ್ ಕಲಸ್ತೀರಿ?’ ಕನ್ನಡ ಎಂದೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ನಾನು ದವಡೆಯಿಂದ ಹಿಡಿದು ಗುಳಿಗೆ ಮುಗಿದ ತನಕ ಎಲ್ಲವನ್ನೂ ಹೇಳಿದೆ.

‘ಇದನ್ನ ಡಾಕ್ಟರಿಗಿ ಹೇಳಬೇಕ್ರಿ ಮೇಡಂ. ಲಾರಿ ಡ್ರೈವರಿಗಿ ಹೇಳೂದಲ್ಲ.’

‘ಹೇಳಿಲ್ಲೇನ್ರಿ?’ ಎಂದು ನಾನು ಎದ್ದು ನಿಂತೆ. ನನ್ನ ದನಿ ತರಗತಿಯ ದನಿಯಾಯಿತು. ‘ಡಾಕ್ಟರಿಗಿ ಹೇಳೀನಿ, ಅಂಗಡ್ಯಾರಿಗಿ ಹೇಳೀನಿ, ಹುಲಿಗೆಮ್ಮಗೂ ಹೇಳೀನಿ. ಹೇಳಿದ್ದನ್ನ ಯಾರ್ ಕೇಳ್ಯಾರ್ರಿ?’

ಚೌಕಳಿ ಅಂಗಿಯವನು ‘ಸರ್, ಕೇಸ್ ಹಾಕೂದಲ್ರಿ?’ ಎಂದ. ಇಡೀ ದಿನ ಢಾಬಾದಲ್ಲಿ ಬೆವರು ಸುರಿಸಿದ್ದಕ್ಕೆ ಅವನಿಗೆ ಸಿಕ್ಕಿದ್ದು ನಾನೊಬ್ಬಳೇ, ಬಿಡಲು ಮನಸ್ಸಿರಲಿಲ್ಲ.

ಬೇರೆ ಯಾರದೋ ಕೆಲಸಕ್ಕೆ ಬಂದಿದ್ದ ವಕೀಲರೊಬ್ಬರು ಮೂಲೆಯಲ್ಲಿ ಕೂತು ಅಡಿಕೆ ಅಗಿಯುತ್ತಿದ್ದರು. ಅವರು ಬಾಯಿ ಹಾಕಿದರು. ‘ಯಾವ ಕೇಸ್ ಹಾಕ್ತೀರಿ? ಕೊಂಡ್ರ ಅಪರಾಧ, ಮಾರಿದ್ರ ಅಪರಾಧ, ಇಟ್ಕೊಂಡ್ರ ಅಪರಾಧ, ತಿಂದ್ರೂ ಅಪರಾಧ. ಬರೇ ಕೇಳಿದ್ರ ಅಪರಾಧ ಅಂತ ನಾ ಎಲ್ಲೂ ಓದಿಲ್ಲ.’

‘ಕೊಳ್ಳಾಕ ಪ್ರಯತ್ನ ಮಾಡಿದ್ರೂ ಅಪರಾಧ ಐತಲ್ರಿ ವಕೀಲ್ರ?’ ಎಂದ ಚೌಕಳಿ ಅಂಗಿಯವನು.

‘ಐತಿ. ಆದ್ರ ಕೇಳೂದು ಪ್ರಯತ್ನ ಆಗತೈತೋ ಇಲ್ಲೋ, ಅದ ಪ್ರಶ್ನಿ.’

ಬಾಗಿಲ ಬಳಿ ನಿಂತಿದ್ದ ಮಹಿಳಾ ಪೇದೆಗೆ ತಡೆಯಲಾಗಲಿಲ್ಲ. ‘ಹೆಣ್ಣು ಕೇಳಾಕ ಹೋದ್ರ ಮದಿವಿ ಆದಂಗೇನ್ರಿ ಸರ?’

‘ಆಗೂದಿಲ್ಲವಾ’ ಎಂದರು ಸಾಹೇಬರು. ‘ಆದ್ರ ಮಾಡ್ಕೊಳ್ಳೂ ಮನಸಿಲ್ದ ಯಾರೂ ಹೆಣ್ಣು ಕೇಳಾಕ ಹೋಗೂದಿಲ್ಲ.’

‘ಮನಸಿಗಿ ಶಿಕ್ಷಾ ಇಲ್ರಿ’ ಎಂದರು ವಕೀಲರು. ‘ಕೈಯಾಗ ಅಕ್ಕಿಕಾಳು ಹಿಡದ್ರ ಆವಾಗ ನೋಡೂಣು.’

‘ಅಲ್ರಿ, ಆ ಡ್ರೈವರ್ ಕಡಿ ಏನೂ ಇರಲಿಲ್ಲಂತಲ್ಲ’ ಎಂದಳು ಪೇದೆ. ‘ಮಗಳ ಇಲ್ಲದ ಮನಿಗಿ ಹೆಣ್ಣು ಕೇಳಾಕ ಹೋಗ್ಯಾರ ಇವ್ರು.’

ಯಾರೋ ನಕ್ಕರು. ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆ. ಆದರೆ ನನ್ನ ಗಂಡ ಅಲ್ಲಿ ನೋವಿನಲ್ಲಿ ಒದ್ದಾಡುತ್ತಿರುವಾಗ ಇವರು ಇಲ್ಲಿ ಮದುವೆ ಮಾಡುತ್ತಿದ್ದಾರಲ್ಲ ಎಂದು ಮೈಯೆಲ್ಲ ಉರಿಯಿತು. ಜೈಲಿಗೆ ಹಾಕುವುದಾದರೆ ಹಾಕಿ, ಬಿಡುವುದಾದರೆ ಬಿಡಿ, ಬೇಗ ಏನಾದರೊಂದು ಮಾಡಿ ಎಂದು ಕೂಗಬೇಕೆನ್ನುವಷ್ಟರಲ್ಲಿ ಟೇಬಲ್ಲಿನ ಮೇಲಿನ ನನ್ನ ಫೋನು ಬಡಿದುಕೊಂಡಿತು. ‘ಮನಿಯಿಂದ್ರಿ’ ಎಂದೆ. ಸಾಹೇಬರು ತಾವೇ ಒತ್ತಿ ಎಲ್ಲರಿಗೂ ಕೇಳುವ ಹಾಗೆ ಇಟ್ಟರು.

‘ಎಲ್ಲಿ ಅದಿಯವ್ವಾ?’ ಅಕ್ಕನ ದನಿ ಒಡೆದಿತ್ತು. ‘ಲಗೂನ ಬಾ. ನೀ ಹೋದಾಗಿಂದ ಒಂದ ಸವನ ಕೇಳ, ಕೇಳ ಅನ್ನಾಕತ್ತಾನ. ಏನರ ಸಿಕ್ತೇನು?’

ಅಕ್ಕನ ಮಾತಿನ ಹಿಂದೆ ಆ ಸದ್ದು ಇತ್ತು. ನನಗೆ ಅದು ದಿನದ ಸದ್ದು. ಅವರಿಗೆ ಹೊಸದು. ಠಾಣೆಯಲ್ಲಿ ಇದ್ದವರೆಲ್ಲ ಇದ್ದಲ್ಲೇ ನಿಂತರು. ಚೌಕಳಿ ಅಂಗಿಯವನು ತಲೆ ತಗ್ಗಿಸಿದ. ವಕೀಲರು ಎದ್ದು ಹೊರಗೆ ಹೋಗಿ ಬಾಯಲ್ಲಿದ್ದುದನ್ನು ಉಗುಳಿದರು. ಆ ಸದ್ದಿನ ನಡುವೆ ‘ಕೇ...ಳ’ ಎಂದದ್ದು ಸ್ಪಷ್ಟವಾಗಿಯೇ ಬಂತು. ಸಾಹೇಬರು ಫೋನು ಆರಿಸಿ ನನ್ನ ಕೈಗೆ ಕೊಟ್ಟರು.

‘ಹೋಗ್ರಿ ಮೇಡಂ. ನೀವು ಕೇಳಿದ್ದು ನಾ ಕೇಳಿಲ್ಲ.’ ಬಾಗಿಲವರೆಗೆ ಬಂದು ಮತ್ತೆ ಹೇಳಿದರು. ‘ಇನ್ನ ಯಾರನ್ನೂ ಕೇಳಬ್ಯಾಡ್ರಿ. ಎಲ್ಲಾ ಕಡಿ ಹಿಂಗ ಬಿಡೂದಿಲ್ಲ. ಗುಳಗಿ ವಿಚಾರ ನಾ ಗುರ್ತಿನ ಡಾಕ್ಟರೊಬ್ರನ್ನ ಕೇಳಿ ನೋಡ್ತೀನಿ.’

ಅವರು ವಿಚಾರಿಸಿದರೋ ಇಲ್ಲವೋ ನನಗೆ ತಿಳಿಯಲಿಲ್ಲ. ಗುಳಿಗೆಯಂತೂ ಬರಲಿಲ್ಲ. ಬರೀ ಕೇಳುವುದು ಅಪರಾಧವೋ ಅಲ್ಲವೋ ಎಂಬುದೂ ಆವತ್ತು ಇತ್ಯರ್ಥವಾಗಲಿಲ್ಲ. ಆಮೇಲೆ ಗುರುತಿನ ಇಬ್ಬರು ವಕೀಲರನ್ನು ವಿಚಾರಿಸಿದ್ದೇನೆ. ಒಬ್ಬರು ಅಲ್ಲ ಎಂದರು, ಇನ್ನೊಬ್ಬರು ನ್ಯಾಯಾಧೀಶರ ಮೇಲೆ ಹೋಗುತ್ತದೆ ಎಂದರು.

ಕೊಪ್ಪಳದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಅಳು ಬರಲಿಲ್ಲ. ಬೇರೇನೂ ತೋಚದೆ ಸಾಹೇಬರ ಆ ಮಾತನ್ನೇ ತಲೆಯಲ್ಲಿ ತಿರುಗಿಸುತ್ತ ಕೂತೆ. ನೀವು ಕೇಳಿದ್ದು ನಾ ಕೇಳಿಲ್ಲ. ಒಂದೇ ಕ್ರಿಯಾಪದ, ಎರಡು ಅರ್ಥ. ಮೊದಲನೆಯದು ಬೇಡುವ ಕೇಳು, ಎರಡನೆಯದು ಕಿವಿಗೊಡುವ ಕೇಳು. ಪರೀಕ್ಷೆಗೆ ಒಳ್ಳೆಯ ಪ್ರಶ್ನೆಯಾಗುತ್ತದೆ ಎಂದುಕೊಂಡೆ. ಅಂಥ ಹೊತ್ತಿನಲ್ಲೂ ಬುದ್ಧಿ ಹಾಗೆ ಓಡಿತು. ಹುಟ್ಟುಗುಣ ಸುಟ್ಟರೂ ಹೋಗದು.

ದಾರಿಯಲ್ಲಿ ಒಂದು ಹಳ್ಳಿಯ ಹತ್ತಿರ ಬಸ್ಸು ನಿಂತಿತು. ಒಬ್ಬಾಕೆ ಮೊದಲೇ ಹತ್ತಿ ಒಳಗೆ ಬಂದಳು. ಅವಳ ಗಂಡ ಕೆಳಗೆ ಚೀಲಗಳ ನಡುವೆ ನಿಂತು ‘ಏ ಕೇಳಿಲ್ಲಿ! ಚೀಲ ಹಿಡಿ!’ ಎಂದು ಕೂಗಿದ. ಬಸ್ಸಿನಲ್ಲಿದ್ದ ಹೆಂಗಸರಲ್ಲಿ ಎಷ್ಟೋ ಜನ ಒಟ್ಟಿಗೆ ತಿರುಗಿದರು. ನಾನೂ ತಿರುಗಿದೆ. ತಿರುಗಿದ ಕುತ್ತಿಗೆ ಹಾಗೇ ನಿಂತಿತು.

ಅವರು ಅಫೀಮು ಕೇಳು ಎಂದಿರಲಿಲ್ಲ. ಯಾರನ್ನೂ ಏನನ್ನೂ ಕೇಳು ಎಂದಿರಲಿಲ್ಲ. ಲೋಟಕ್ಕೆ ಚಮಚ ಬಡಿಯಲೂ ಕೈಯಲ್ಲಿ ಕಸುವು ಉಳಿಯದೆ, ನನ್ನನ್ನು ಮೊದಲಿನ ಹೆಸರಿನಿಂದ ಕರೆದಿದ್ದರು. ‘ಇಲ್ಲಿ’ ಎಂಬುದು ನಾಲಿಗೆಯಲ್ಲಿ ಏಳದೆ ಅಲ್ಲೇ ಬಿದ್ದುಹೋಗಿತ್ತು. ಹುಲಿಗಿಗೆ ಹೊರಟಾಗ ಕರೆದಿದ್ದರು, ಗಿಣಿಗೇರಾಕ್ಕೆ ಹೊರಟಾಗ ಕರೆದಿದ್ದರು, ಇವತ್ತು ಬೆಳಗಿನಿಂದ ಬಿಡದೆ ಕರೆಯುತ್ತಲೇ ಇದ್ದಾರೆ. ಕರೆದಾಗಲೆಲ್ಲ ನಾನು ಚಪ್ಪಲಿ ಮೆಟ್ಟಿದ್ದೆ. ಆಗ ಅಳು ಬಂತು. ಬಸ್ಸಿನಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ಪಕ್ಕದ ಹೆಂಗಸು ‘ಯಾಕವ್ವಾ, ಏನಾತು?’ ಎಂದು ಬೆನ್ನು ಸವರಿದಳು.

ಮನೆಗೆ ಬಂದಾಗ ಅವರು ಇದ್ದರು. ಇರುತ್ತಾರೋ ಇಲ್ಲವೋ ಎಂದು ಓಣಿಯುದ್ದಕ್ಕೂ ಕಿವಿ ನೆಟ್ಟುಕೊಂಡು ಓಡಿದ್ದೆ. ಜನ್ಮದಲ್ಲಿ ಮೊದಲ ಸಲ ಆ ನರಳಾಟ ಕಿವಿಗೆ ಬಿದ್ದದ್ದಕ್ಕೆ ದೇವರಿಗೆ ಕೈ ಮುಗಿದೆ. ಅಕ್ಕ ಬಾಗಿಲಲ್ಲೇ ‘ಸಿಕ್ತೇನು?’ ಎಂದರು. ಇಲ್ಲವೆಂದು ತಲೆಯಾಡಿಸಿ ಒಳಗೆ ಹೋದೆ. ಹಾಸಿಗೆಯ ಮೇಲೆ ಅವರು ಬಾಗಿಲ ಕಡೆಗೇ ಮುಖ ಮಾಡಿದ್ದರು.

‘ಕೇ...ಳ’ ಎಂದರು.

‘ಬಂದೀನ್ರಿ’ ಎಂದೆ. ‘ಇಲ್ಲೇ ಅದೀನಿ.’

ಚಪ್ಪಲಿ ಬಿಟ್ಟು, ಕೈ ತೊಳೆದು, ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಗಾಯದ ವಾಸನೆಗೆ ಮುಖ ತಿರುಗಿಸಲಿಲ್ಲ. ಅವರು ನನ್ನ ಕೈಯ ಬಳೆಗಳನ್ನು ಬೆರಳಿನಿಂದ ಒಂದೊಂದೇ ಮುಟ್ಟಿ ನೋಡಿದರು. ಏನೂ ಹೇಳಲಿಲ್ಲ. ಯಾವತ್ತೂ ಹೇಳಲು ಏನೂ ಇರುತ್ತಿರಲಿಲ್ಲವಲ್ಲ ಅವರಿಗೆ. ನೋವು ಏನೂ ಕಡಿಮೆಯಾಗಲಿಲ್ಲ. ನರಳಾಟ ಹಾಗೇ ಇತ್ತು, ಅವರು ಹೋಗುವ ದಿನದವರೆಗೂ ಇತ್ತು. ಆದರೆ ‘ಕೇಳ’ ಎಂಬ ಮಾತು ಮತ್ತೆ ಬರಲಿಲ್ಲ. ಕರೆಯುವ ಅಗತ್ಯ ಇರಲಿಲ್ಲ, ನಾನು ಅಲ್ಲಿಂದ ಏಳಲಿಲ್ಲ.